ನೆರಳಿನ ಪಿಯೋನಿ: ದಾವಣಗೆರೆಯ ತೋಟಕ್ಕೆ ತರಿಸಬಹುದೇ?

ಮಾವಿನ ಮರದಡಿ, ಉತ್ತರದ ಗೋಡೆಯ ಬದಿಗೆ ಏನು ನೆಡೋಣ ಎಂದು ಹುಡುಕುವವರಿಗೆ ಆನ್‌ಲೈನ್‌ನಲ್ಲಿ ‘ನೆರಳಿನ ಪಿಯೋನಿ’ ಎಂಬ ಚಳಿನಾಡಿನ ಹೂಗಿಡದ ಬೀಜ, ಗಡ್ಡೆ ಎರಡೂ ಕಣ್ಣಿಗೆ ಬೀಳುತ್ತವೆ. ದಾವಣಗೆರೆ, ಚಿತ್ರದುರ್ಗದ ಮಟ್ಟಿಗೆ ಎರಡಕ್ಕೂ ನಮ್ಮ ಅಂಕ 5ಕ್ಕೆ 1. ಗಿಡ ಬಲು ಸೊಗಸಾದದ್ದೇ, ನಮ್ಮ ಚಳಿ ಅದಕ್ಕೆ ಸಾಲದು.

ಮೊದಲು ಚಿತ್ರ ಗಮನಿಸಿ. ಎಲೆಕೋಸಿನಂತೆ ಪದರ ಪದರವಾದ ದಪ್ಪ ಹೂ ತೋಟದ ಪಿಯೋನಿಯದು, ಅದಕ್ಕೆ ಬಿಸಿಲು ಬೇಕು. ಚೀನಾ, ಕೊರಿಯಾ, ಜಪಾನಿನ ಕಾಡುಗಳಲ್ಲಿ ಮರದಡಿ ಬೆಳೆಯುವ ನೆರಳಿನ ಪಿಯೋನಿ, ಅಂದರೆ ಪಿಯೋನಿಯಾ ಒಬೊವೇಟಾ, ಬಿಡುವುದು ಒಂದೇ ಸುತ್ತಿನ ದಳಗಳ ಬಿಳಿ ಅಥವಾ ಗುಲಾಬಿ ಹೂ, ಅದೂ ಕೆಲವೇ ದಿನ. ನೆರಳಿನ ಜಾತಿಯ ಹೆಸರು ಬರೆದು ಬಿಸಿಲಿನ ಜಾತಿಯ ಚಿತ್ರ ಹಾಕಿದ್ದರೆ ಅಲ್ಲಿಗೇ ಬಿಡಿ.

ಬೀಜದ ಗಾತ್ರ ಇನ್ನೂ ಮುಖ್ಯ. ನಿಜವಾದ ಪಿಯೋನಿ ಬೀಜ ಹೆಚ್ಚುಕಡಿಮೆ ಬಟಾಣಿಯಷ್ಟಿದ್ದು ಕಪ್ಪಾಗಿ ಹೊಳೆಯುತ್ತದೆ. ಒಬೊವೇಟಾದ ಕಾಯಿಯಲ್ಲಿ ಕಾಣುವ ಕೆಂಪು ಬೀಜಗಳು ಜೊಳ್ಳು, ಮೊಳೆಯುವುದಿಲ್ಲ. ಪೊಟ್ಟಣದಲ್ಲಿ ಗಸಗಸೆಯಷ್ಟು ಸಣ್ಣ ಬೀಜ ಬಂದರೆ ಬಿತ್ತಲೇಬೇಡಿ. ‘ಪಿಯೋನಿ ಪಾಪಿ’ ಎಂಬ ಹೆಸರಿನದು ಅಫೀಮು ಗಸಗಸೆಯದೇ ತಳಿ; 1985ರ ಮಾದಕ ವಸ್ತು ಕಾಯ್ದೆಯಡಿ ಅದನ್ನು ಪರವಾನಗಿ ಇಲ್ಲದೆ ಬೆಳೆಸುವುದು ಅಪರಾಧ.

ಅಸಲಿ ಬೀಜವೇ ಸಿಕ್ಕಿತೆನ್ನೋಣ. ಒಂದು ದಿನ ನೀರಲ್ಲಿ ನೆನೆಸಿ, ಹಿಂಡಿದ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಜೊತೆ ಜಿಪ್ ಕವರ್‌ಗೆ ಹಾಕಿ 20–25 ಡಿಗ್ರಿಯಲ್ಲಿ ಎರಡು ಮೂರು ತಿಂಗಳು ಇಡಬೇಕು. ಆಗ ಬರುವುದು ಬೇರು ಮಾತ್ರ. ಬೇರು ಕಂಡ ಮೇಲೆ ಫ್ರಿಜ್‌ನಲ್ಲಿ 4–5 ಡಿಗ್ರಿಗೆ ಮತ್ತೆ ಎರಡು ಮೂರು ತಿಂಗಳು, ಆಮೇಲಷ್ಟೇ ಚಿಗುರು. ಬಹುತೇಕರು ಎಡವುವುದು ಇಲ್ಲೇ: ಪೊಟ್ಟಣ ಬಂದ ದಿನವೇ ಫ್ರಿಜ್‌ಗೆ ಹಾಕುತ್ತಾರೆ, ಬೇರಿಲ್ಲದ ಬೀಜಕ್ಕೆ ಆ ಚಳಿ ದಂಡ. ಬೇಸಿಗೆಯಲ್ಲಿ ಶುರು ಮಾಡಿದರೆ ಬೇರು ಬರುವ ಮೊದಲೇ ಕವರ್‌ನೊಳಗೆ ಬೂಸು ಹಿಡಿಯುತ್ತದೆ. ನಮ್ಮಲ್ಲಿ ಜುಲೈ ಸೂಕ್ತ, ಜನವರಿಗೆ ಚಿಗುರು ಸಿಗುತ್ತದೆ. ಆದರೆ ಹೂ ಬಿಡಲು ನಾಲ್ಕೈದು ವರ್ಷ ಬೇಕು, ಏಪ್ರಿಲ್ ಬಿಸಿಲು ಮೂರೇ ತಿಂಗಳಲ್ಲಿ ಬರುತ್ತದೆ.

ಗಡ್ಡೆಯ ಕಥೆ ಮೋಸದ್ದು. ಮೂರರಿಂದ ಐದು ಕಣ್ಣಿನ ಗಡ್ಡೆಯನ್ನು ಕಣ್ಣಿನ ಮೇಲೆ 3–5 ಸೆಂಟಿಮೀಟರ್ ಮಣ್ಣು ಬರುವಂತೆ ನೆಟ್ಟರೆ ಒಳಗಿನ ಆಹಾರದ ಬಲದಿಂದ ಚಿಗುರಬಹುದು. ಗಿಡ ನೆಲೆಯೂರಿತು ಎಂದು ನಂಬಿಬಿಡುತ್ತೇವೆ. ಮುಂದಿನ ವರ್ಷದ ಮೊಗ್ಗಿಗೆ ಆ ಗಡ್ಡೆ ವಾರಗಟ್ಟಲೆ ಕೊರೆಯುವ ಚಳಿಯಲ್ಲಿ ಮಲಗಿರಬೇಕು. ದಾವಣಗೆರೆಯಲ್ಲಿ ಜನವರಿ ರಾತ್ರಿಯೂ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಮಳೆಗಾಲದಲ್ಲಿ ನೀರು ಹಿಡಿದಿಡುವ ಎರೆಮಣ್ಣು ಉಳಿದ ಗಡ್ಡೆಯನ್ನು ಕೊಳೆಸುತ್ತದೆ. ನಮ್ಮ ದೇಶದ್ದೇ ಆದ ಪಿಯೋನಿಯಾ ಎಮೋಡಿಯೂ ಹಿಮಾಲಯದ ಎತ್ತರದ್ದು, ಅದಕ್ಕೂ ಇದೇ ಗತಿ.

ಆ ದುಡ್ಡಿಗೆ ನೆಲಸಂಪಿಗೆ ಗಡ್ಡೆ ತನ್ನಿ. ಅದೂ ನೆರಳಿನ ಗಿಡ, ಅದೂ ಮಣ್ಣೊಳಗೆ ನಿದ್ದೆ ಮಾಡುತ್ತದೆ, ಆದರೆ ಅದಕ್ಕೆ ಚಳಿ ಬೇಡ, ಒಣ ಮಣ್ಣು ಸಾಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. 12 ಇಂಚಿನ ಕುಂಡಕ್ಕೆ ಮೂರು ಗಡ್ಡೆ, 5 ಸೆಂಟಿಮೀಟರ್ ಆಳ. ಚಳಿಗಾಲದ ಹೊತ್ತಿಗೆ ಎಲೆ ಹಳದಿಯಾದಾಗ ನೀರು ನಿಲ್ಲಿಸಿ. ಸತ್ತಿತೆಂದು ನೀರು ಹೊಯ್ದವರೇ ಅದನ್ನು ಕೊಳೆಸುತ್ತಾರೆ. ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ ಮತ್ತೆ ನೀರು ಕೊಡಿ. ಎಲೆ ಇನ್ನೂ ಕಾಣದ ಬರಿನೆಲದಿಂದಲೇ ಬಿಳಿ-ನೇರಳೆ ಹೂ ಘಮಘಮಿಸುತ್ತ ಏಳುತ್ತದೆ.