ಮನೆ ಹೊರಗಿನ ಮೀಟರ್ ಬಾಕ್ಸ್: ತಗಡು, ಎಸ್‌ಎಂಸಿ, ಪಾಲಿಕಾರ್ಬನೇಟ್

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಚಿಕ್ಕಪೇಟೆಯಲ್ಲಾಗಲಿ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಮೀಟರ್ ಬಾಕ್ಸ್ ಕೇಳಿದರೆ ಮೂರು ಬಗೆಯವು ಮುಂದೆ ಬರುತ್ತವೆ. ಒಂದು ಪೌಡರ್ ಕೋಟಿಂಗ್ ಮಾಡಿದ ಕಬ್ಬಿಣದ ತಗಡಿನದು. ಇನ್ನೊಂದು ಎಸ್‌ಎಂಸಿ, ಅಂದರೆ ಗಾಜಿನ ನಾರು ಬೆರೆಸಿದ ಪಾಲಿಯೆಸ್ಟರನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಮೂರನೆಯದು ಪಾರದರ್ಶಕ ಮುಚ್ಚಳದ ಪಾಲಿಕಾರ್ಬನೇಟ್ ಪ್ಲಾಸ್ಟಿಕ್ಕಿನದು. ಅಗ್ಗದ್ದು ತಗಡು. ಮನೆಯ ಹೊರಗೋಡೆಗೋ ಕಾಂಪೌಂಡಿಗೋ ಹಾಕುವುದಾದರೆ ನಮ್ಮ ಆಯ್ಕೆ ಎಸ್‌ಎಂಸಿ. ಆದರೆ ಯಾವುದನ್ನೇ ಕೊಂಡರೂ ಅದು ಬಾಳುವುದೂ ಹಾಳಾಗುವುದೂ ಕೇಬಲ್‌ಗಾಗಿ ಅದರ ತಳಕ್ಕೆ ಕೊರೆಯುವ ತೂತಿನಿಂದ. ಅಂಗಡಿಯಲ್ಲಿ ಬಾಗಿಲು ತೆರೆದು ಮುಚ್ಚಿ ನೋಡುವವರು ಬಹಳ, ಬಾಕ್ಸನ್ನು ತಿರುಗಿಸಿ ತಳ ನೋಡುವವರು ಕಡಿಮೆ.

ತಗಡಿನ ಬಾಕ್ಸಿನಲ್ಲಿ ಗೇಜ್, ಅಂದರೆ ತಗಡಿನ ದಪ್ಪ, ಕೇಳಿ. 20 ಗೇಜ್ ಅಂದರೆ ಸುಮಾರು 0.9 ಮಿ.ಮೀ., ಹೆಬ್ಬೆರಳಿನಿಂದ ಬಾಗಿಲು ಒತ್ತಿದರೆ ಒಳಕ್ಕೆ ಬಳುಕುತ್ತದೆ. ಬಳುಕುವ ಬಾಗಿಲು ರಬ್ಬರಿನ ಮೇಲೆ ಸರಿಯಾಗಿ ಕೂರುವುದಿಲ್ಲ. 18 ಗೇಜ್, ಅಂದರೆ 1.2 ಮಿ.ಮೀ.ಗಿಂತ ತೆಳುವಾದದ್ದು ಹೊರಗಡೆಗೆ ಬೇಡ. ತುಕ್ಕು ಹಿಡಿಯುವುದು ಬಣ್ಣ ಹೊಳೆಯುವ ಮುಂಭಾಗಕ್ಕಲ್ಲ. ತಳದ ಮಡಿಕೆ, ನಾಕೌಟ್ (ಕೇಬಲ್‌ಗಾಗಿ ಅರ್ಧ ಕತ್ತರಿಸಿ ಬಿಟ್ಟ ಬಿಲ್ಲೆ) ತಟ್ಟಿ ತೆಗೆದ ಅಂಚು, ಗೋಡೆಗೆ ಬಿಗಿಯಲು ಹಿಂದೆ ಕೊರೆದ ತೂತು, ಈ ಮೂರು ಕಡೆ ಬೆತ್ತಲೆ ಕಬ್ಬಿಣ ಉಳಿಯುತ್ತದೆ. ಕೊರೆದ ತಕ್ಷಣ ಅಂಚನ್ನು ಅರದಿಂದ ಉಜ್ಜಿ, ಝಿಂಕ್ ಪ್ರೈಮರ್ ಬಳಿಯದಿದ್ದರೆ ಒಂದೆರಡು ಮಳೆಗಾಲದಲ್ಲೇ ಕೆಂಪು ಗೆರೆ ಗೋಡೆಗೆ ಇಳಿಯುತ್ತದೆ.

ತಗಡು ಬೇಡ ಎನ್ನಲು ಇನ್ನೊಂದು ಕಾರಣವೂ ಇದೆ. 2025ರ ಫೆಬ್ರವರಿಯಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದೆ. ಇಂಥ ಮೀಟರ್ ರೇಡಿಯೊ ಅಲೆಯ ಮೂಲಕ ಮಾಹಿತಿ ಕಳಿಸಬೇಕಾದಾಗ ಸುತ್ತ ತಗಡಿದ್ದರೆ ಸಿಗ್ನಲ್ ಕುಗ್ಗುತ್ತದೆ. ಎಸ್‌ಎಂಸಿಗೂ ಪಾಲಿಕಾರ್ಬನೇಟಿಗೂ ಈ ತೊಂದರೆಯಿಲ್ಲ.

ಪಾಲಿಕಾರ್ಬನೇಟಿನ ಶತ್ರು ಬಿಸಿಲು. ಪಡುವಣ ಗೋಡೆಯಲ್ಲಿ, ಮೇಲೆ ಸಜ್ಜಾ ಇಲ್ಲದ ಕಡೆ, ಯುವಿ ತಡೆ ಬೆರೆಸದ ಮುಚ್ಚಳ ಹಳದಿ ತಿರುಗಿ ಆಮೇಲೆ ಸೀಳುತ್ತದೆ. ನೇರ ಬಿಸಿಲು ಬಿದ್ದರೆ ಒಳಗಿನ ಮೀಟರಿನ ಡಿಸ್‌ಪ್ಲೇ ಕೂಡ ಕಪ್ಪಾಗುತ್ತದೆ. ನೆರಳಿನ ಪೋರ್ಟಿಕೊದಲ್ಲಿ ಹಾಕುವುದಾದರೆ ಮಾತ್ರ ಇದು ಒಳ್ಳೆಯ ಬಾಕ್ಸ್, ಮುಚ್ಚಳ ತೆಗೆಯದೆ ರೀಡಿಂಗ್ ಕಾಣುತ್ತದೆ. ಎಸ್‌ಎಂಸಿ ತುಕ್ಕು ಹಿಡಿಯುವುದಿಲ್ಲ, ವಿದ್ಯುತ್ ಹರಿಸುವುದಿಲ್ಲ, ಬಿಸಿಗೆ ಕರಗುವುದಿಲ್ಲ. ವರ್ಷಗಟ್ಟಲೆ ಬಿಸಿಲಿಗೆ ಹೊರಮೈ ಸವೆದು ನಾರು ಕಾಣತೊಡಗುತ್ತದೆ, ಬರಿಗೈಯಲ್ಲಿ ಸವರಿದರೆ ಚುಚ್ಚುತ್ತದೆ. ಹೊರಗೆ ಒಂದು ಕೋಟ್ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆದರೆ ಅದು ನಿಧಾನವಾಗುತ್ತದೆ. ಕೊರೆಯುವಾಗ ಏಳುವ ಧೂಳು ಗಾಜಿನ ನಾರು, ಮಾಸ್ಕ್ ಇಲ್ಲದೆ ಕೊರೆಯಬೇಡಿ.

ಸ್ಟಿಕರಿನ ಮೇಲೆ ಐಪಿ 55 ಎಂದೋ 65 ಎಂದೋ ಇರುತ್ತದೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಎರಡನೆಯದು 5 ಅಂದರೆ ಪೈಪಿನಿಂದ ನೀರು ಚಿಮ್ಮಿಸಿದರೂ ತಡೆಯಬೇಕು. ಗಾಳಿಮಳೆಗೆ ಅಷ್ಟು ಬೇಕು. ಆದರೆ ಈ ಅಂಕಿ ತೂತು ಕೊರೆಯುವವರೆಗಿನ ಮಾತು. 25 ಮಿ.ಮೀ. ತೂತು ಕೊರೆದು 18 ಮಿ.ಮೀ. ಕೇಬಲ್ ತೂರಿಸಿ, ಸುತ್ತ ಎಂಸೀಲ್ ಮೆತ್ತಿದರೆ ಆ ಅಂಕಿಗೆ ಬೆಲೆಯಿಲ್ಲ. ಎಂಸೀಲ್ ಬಿಸಿಲಿಗೆ ಬಿರುಕು ಬಿಡುತ್ತದೆ, ಆ ಸಂದಿನಲ್ಲಿ ಇರುವೆ ಮೊದಲು ಬರುತ್ತದೆ, ಹಲ್ಲಿ ಆಮೇಲೆ. ಕೇಬಲಿನ ಹೊರಸುತ್ತಳತೆಯನ್ನಲ್ಲ, ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು ಅದಕ್ಕೆ ಒಪ್ಪುವ ಗ್ಲ್ಯಾಂಡ್ (ತೂತಿನಲ್ಲಿ ಕೇಬಲನ್ನು ಬಿಗಿಯಾಗಿ ಹಿಡಿದು ಸಂದು ಮುಚ್ಚುವ ಬಿರಡೆ) ತನ್ನಿ. 10ರಿಂದ 14 ಮಿ.ಮೀ. ಕೇಬಲಿಗೆ ಪಿಜಿ 16 ಅಳತೆಯ ಗ್ಲ್ಯಾಂಡ್, 13ರಿಂದ 18ಕ್ಕೆ ಪಿಜಿ 21, 18ರಿಂದ 25ಕ್ಕೆ ಪಿಜಿ 29. ಆರ್ಮರ್ಡ್ ಕೇಬಲ್ಲಾದರೆ ಅದರ ಆರ್ಮರನ್ನು, ಅಂದರೆ ಉಕ್ಕಿನ ಕವಚವನ್ನು, ಹಿಡಿಯುವ ಹಿತ್ತಾಳೆ ಗ್ಲ್ಯಾಂಡ್ ಬೇಕು. ಗ್ಲ್ಯಾಂಡಿನ ಬೆಲೆ ಬಾಕ್ಸಿನ ಮುಂದೆ ಚಿಲ್ಲರೆ. ಇದರಲ್ಲಿ ಉಳಿತಾಯ ಮಾಡಲೇಬೇಡಿ.

ಕೇಬಲ್ ಯಾವಾಗಲೂ ತಳದಿಂದಲೇ ಒಳಗೆ ಬರಬೇಕು. ಮೇಲಿನಿಂದ ಇಳಿದು ಬರುವ ಕೇಬಲನ್ನು ಬಾಕ್ಸಿಗಿಂತ ಅರ್ಧ ಅಡಿ ಕೆಳಗಿಳಿಸಿ, ಮತ್ತೆ ಮೇಲಕ್ಕೆ ಬಾಗಿಸಿದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಅಲ್ಯೂಮಿನಿಯಂ ಕೇಬಲ್ ಗಡುಸು, ಬೇಗ ಬಾಗುವುದಿಲ್ಲ. ಆದ್ದರಿಂದ ಮೀಟರಿನ ಟರ್ಮಿನಲ್ ಕವರಿನ ಕೆಳಗೆ ಕನಿಷ್ಠ 100 ಮಿ.ಮೀ. ಜಾಗ ಉಳಿಯುವ ಬಾಕ್ಸನ್ನೇ ಆರಿಸಿ. ಚಿಕ್ಕ ಬಾಕ್ಸಿನಲ್ಲಿ ಬಲವಂತವಾಗಿ ಬಗ್ಗಿಸಿದ ತಂತಿ ಸ್ಕ್ರೂವನ್ನು ಪಕ್ಕಕ್ಕೆ ಎಳೆಯುತ್ತಲೇ ಇರುತ್ತದೆ. ಸಂಪರ್ಕ ಸಡಿಲವಾಗಿ, ಬಿಸಿಯಾಗಿ, ಟರ್ಮಿನಲ್ ಸುಡುವುದು ಹೀಗೆ. ಅಲ್ಯೂಮಿನಿಯಂ ತಂತಿಯ ತುದಿಗೆ ಪಿನ್ ಲಗ್ (ಟರ್ಮಿನಲ್ಲಿಗೆ ತೂರುವ ಕಡ್ಡಿಯಂಥ ಲೋಹದ ತುದಿ) ಒತ್ತಿಸಿ. ಅಲ್ಯೂಮಿನಿಯಂ ತಾಮ್ರವನ್ನು ಮುಟ್ಟುವಲ್ಲಿ ಬೈಮೆಟಲ್, ಅಂದರೆ ಒಂದು ಕಡೆ ಅಲ್ಯೂಮಿನಿಯಂ ಇನ್ನೊಂದು ಕಡೆ ತಾಮ್ರದ, ಲಗ್ಗೇ ಆಗಬೇಕು. ಒಂದೊಂದು ಟರ್ಮಿನಲ್ಲಿಗೆ ಎರಡು ಸ್ಕ್ರೂ ಇದ್ದರೆ ಎರಡೂ ಬಿಗಿಯಾಗಬೇಕು, ಸೀಲ್ ಬಿದ್ದ ಮೇಲೆ ಅದನ್ನು ಮತ್ತೆ ಮುಟ್ಟುವಂತಿಲ್ಲ.

ಗೋಡೆಗೆ ಬಿಗಿಯಲು ಹೊರಗೆ ಕಿವಿಗಳಿರುವ ಬಾಕ್ಸ್ ಕೊಂಡರೆ ಹಿಂದೆ ಕೊರೆಯುವ ಪ್ರಮೇಯವೇ ಬರುವುದಿಲ್ಲ. ಸಾಲಿಡ್ ಬ್ಲಾಕ್ ಗೋಡೆಗೆ ನಾಲ್ಕು ಮೂಲೆಗೆ ನಾಲ್ಕು 8 ಮಿ.ಮೀ. ಪ್ಲಗ್ ಸಾಕು. ಹಾಲೋ ಬ್ಲಾಕಿನಲ್ಲಿ ಸಾಮಾನ್ಯ ಪ್ಲಗ್ ಪೊಳ್ಳಿನೊಳಗೆ ತಿರುಗುತ್ತದೆ, ಅಲ್ಲಿ ಜಾಲರಿ ತೋಳಿನ ಕೆಮಿಕಲ್ ಆಂಕರ್ (ಜಾಲರಿ ಕೊಳವೆಯೊಳಗೆ ಅಂಟು ತುಂಬಿ ಬೋಲ್ಟ್ ಹಿಡಿಸುವಂಥದ್ದು) ಹಾಕಿ. ಕಿವಿಗಳ ಹಿಂದೆ 10 ಮಿ.ಮೀ. ಸ್ಪೇಸರ್ ಕೊಟ್ಟರೆ ಗೋಡೆಯ ತೇವ ಬಾಕ್ಸಿಗೆ ತಗಲುವುದಿಲ್ಲ. ಗೋಡೆಗೆ ಒತ್ತಿಯೇ ಕೂರಿಸುವುದಾದರೆ ಮೇಲೆ ಮತ್ತು ಎರಡು ಪಕ್ಕ ಮಾತ್ರ ಸಿಲಿಕೋನ್ ಹಚ್ಚಿ, ಕೆಳಗೆ ಬಿಡಿ. ನಾಲ್ಕೂ ಕಡೆ ಮುಚ್ಚಿದರೆ ಹಿಂದೆ ಸೇರಿದ ನೀರಿಗೆ ಹೋಗಲು ದಾರಿಯಿಲ್ಲ. ರಸಮಟ್ಟ ಹಿಡಿದು ನೋಡಿ, ಡಿಸ್‌ಪ್ಲೇ ಕಣ್ಣಿನ ಮಟ್ಟಕ್ಕೆ ಬರಲಿ.

ಸೋರದ ಬಾಕ್ಸಿನಲ್ಲೂ ನೀರು ಕಾಣುವುದುಂಟು. ಹಗಲು ಕಾದ ಒಳಗಾಳಿ ಡಿಸೆಂಬರಿನ ರಾತ್ರಿ ತಣಿದಾಗ ಅದರಲ್ಲಿನ ಪಸೆ ಹನಿಗಟ್ಟುತ್ತದೆ. ತಳದ ಮೂಲೆಯಲ್ಲಿ 6 ಮಿ.ಮೀ. ತೂತು, ಅದಕ್ಕೆ ಒಳಗಿನಿಂದ ಸ್ಟೀಲ್ ಜಾಲರಿ ಇದ್ದರೆ ಸಾಕು.

‘ಎಸ್‌ಎಂಸಿಗೆ ಅರ್ತಿಂಗ್ ಬೇಡ’ ಎಂಬ ಮಾತು ಅರ್ಧ ಸತ್ಯ. ಬಾಕ್ಸಿಗೆ ಬೇಡ, ಕೇಬಲಿನ ಆರ್ಮರಿಗೆ, ಹಿತ್ತಾಳೆ ಗ್ಲ್ಯಾಂಡಿಗೆ, ಮನೆಯ ವೈರಿಂಗಿಗೆ ಬೇಕೇ ಬೇಕು. ಅರ್ತಿಂಗ್‌ಗಾಗಿ 40 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ನೆಲದೊಳಗೆ 2.5 ಮೀಟರ್ ಆಳಕ್ಕೆ ಇಳಿಯಲಿ. ತಗಡಿನ ಬಾಕ್ಸಾದರೆ ಬಾಗಿಲನ್ನೂ ಹಸಿರು ತಂತಿಯಿಂದ ಬಾಕ್ಸಿಗೆ ಜೋಡಿಸಬೇಕು, ಹಿಂಜನ್ನು ನಂಬುವಂತಿಲ್ಲ. ಲಗ್ ಕೂರುವ ಜಾಗದಲ್ಲಿ ಬಣ್ಣ ಕೆರೆದು ಹಲ್ಲಿನ ವಾಷರ್ ಹಾಕಿ. ಮೀಟರಿನ ನಂತರ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಎಂಸಿಬಿ, ಅದಾದ ಮೇಲೆ ಕರೆಂಟು ಸೋರಿದರೆ ಟ್ರಿಪ್ ಆಗುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲಿ.

ಮನೆಯ ಮೇನ್ ಆಫ್ ಮಾಡಿದರೂ ಕಂಬದಿಂದ ಮೀಟರಿನವರೆಗಿನ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಅದನ್ನು ಕಂಬದಲ್ಲಿ ಬಿಡಿಸುವುದು, ಸೀಲ್ ತೆಗೆಯುವುದು ಬೆಸ್ಕಾಂ ಸಿಬ್ಬಂದಿಯ ಕೆಲಸ. ಅನುಮತಿಯಿಲ್ಲದೆ ಮೀಟರನ್ನು ಲೈನಿಗೆ ಜೋಡಿಸುವುದು, ಬಿಡಿಸುವುದು 2003ರ ವಿದ್ಯುತ್ ಕಾಯ್ದೆಯ 138ನೇ ಕಲಮಿನಡಿ ಅಪರಾಧ. ಹಳೆಯ ಮೀಟರನ್ನು ಹೊಸ ಬಾಕ್ಸಿಗೆ ಬದಲಿಸುವುದಾದರೆ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕ ಉಪವಿಭಾಗದ ಕಚೇರಿಗೆ ಅರ್ಜಿ ಕೊಡಿ.

ಬೆಸ್ಕಾಂನವರು ಬರುವ ಮುನ್ನ, ಗೋಡೆಗೆ ಕೂರಿಸಿದ ಖಾಲಿ ಬಾಕ್ಸಿಗೆ ಒಂದು ಪರೀಕ್ಷೆ ಮಾಡಿ. ಕೇಬಲ್‌ಗೆ ಇನ್ನೂ ಕರೆಂಟು ಬಂದಿರಬಾರದು. ಕೇಬಲ್ಲೇ ಬಂದಿಲ್ಲವಾದರೆ ಗ್ಲ್ಯಾಂಡಿಗೆ ಅಷ್ಟೇ ದಪ್ಪದ ಕೇಬಲ್ ತುಂಡು ಸಿಕ್ಕಿಸಿ ಬಿಗಿಯಿರಿ. ಒಳಗೆ ಹಿಂದಕ್ಕೂ ತಳಕ್ಕೂ ಒಣ ವೃತ್ತಪತ್ರಿಕೆ ಹಾಸಿ, ಬಾಗಿಲು ಬೀಗ ಹಾಕಿ, ಗಿಡಕ್ಕೆ ನೀರು ಹಾಕುವ ಪೈಪಿನಿಂದ ಮೇಲೆ, ಎರಡು ಪಕ್ಕ ಮತ್ತು ಮುಂದೆ ಐದು ನಿಮಿಷ ನೀರು ಬಿಡಿ. ಕಾಗದದ ಮೂಲೆ ಒದ್ದೆಯಾಗಿದ್ದರೆ ಬಾಗಿಲ ರಬ್ಬರಿನ ಜೋಡಣೆ ಬಿಟ್ಟಿದೆ. ಗಾಜಿನ ಕಿಂಡಿಯ ಕೆಳಗೆ ಒದ್ದೆಯಾದರೆ ಅದರ ಬೀಡಿಂಗ್ ಸಡಿಲ. ಹಿಂದಿನ ಕಾಗದದಲ್ಲಿ ದುಂಡನೆ ಕಲೆ ಬಿದ್ದಿದ್ದರೆ ಅದು ಸ್ಕ್ರೂ ತೂತು. ತಳದಲ್ಲಿ ಕೇಬಲಿನ ಸುತ್ತ ಒದ್ದೆಯಾಗಿದ್ದರೆ ಗ್ಲ್ಯಾಂಡ್ ಬದಲಿಸಿ ಮತ್ತೊಮ್ಮೆ ನೀರು ಬಿಡಿ.