‘ನಾನು ನೋಡಿಕೊಳ್ಳುತ್ತೇನೆ’ ಎಂಬ ಮಾತನ್ನು ಬಿಡಿಸಿದ ತರಬೇತಿ

ಕೆಲಸವನ್ನು ಇತರರಿಗೆ ವಹಿಸುವುದು ಹೇಗೆ ಎಂಬ ಒಂದೇ ವಿಷಯಕ್ಕೆ ಮೀಸಲಾದ, ಮ್ಯಾನೇಜರ್‌ಗಳಿಗೆಂದೇ ರೂಪಿಸಿದ ಎರಡು ದಿನಗಳ ತರಬೇತಿಗೆ ನಾನು ಸೇರಿದಾಗ, ಹನ್ನೊಂದು ಜನರ ತಂಡವನ್ನು ನಡೆಸಲು ತೊಡಗಿ ನಾಲ್ಕು ವರ್ಷಗಳಾಗಿದ್ದವು. ಸಂಜೆ ಎಲ್ಲರೂ ಮನೆಗೆ ಹೊರಟ ಮೇಲೆ ಅವರ ವರದಿಗಳನ್ನು ತಿದ್ದುತ್ತ ಕೂರುವುದು ನನಗೆ ರೂಢಿಯಾಗಿತ್ತು, ಅದನ್ನು ನಾನು ಶ್ರದ್ಧೆಯೆಂದೇ ತಿಳಿದಿದ್ದೆ. ಇಂತಹ ತರಬೇತಿಯ ಗುಣ ಗೊತ್ತಾಗುವುದು ಪ್ರಮಾಣಪತ್ರ ಕೈಗೆ ಬಂದ ದಿನವಲ್ಲ, ಕಚೇರಿಯ ಒತ್ತಡದ ನಡುವೆ ಕಲಿತದ್ದು ಉಳಿಯುತ್ತದೆಯೇ ಎಂದು ಕಂಡ ಮೇಲೆ. ಆದ್ದರಿಂದ ಆರು ತಿಂಗಳು ಕಳೆದ ನಂತರ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನದ ಬೆಳಗ್ಗೆ ತುರ್ತು ಮತ್ತು ಮುಖ್ಯ ಕೆಲಸಗಳನ್ನು ನಾಲ್ಕು ಚೌಕಗಳಲ್ಲಿ ವಿಂಗಡಿಸುವ ಪರಿಚಿತ ಪಾಠ ನಡೆಯಿತು. ಅದರಲ್ಲಿ ಹೊಸದೇನೂ ಇರಲಿಲ್ಲ. ತರಬೇತಿಗೆ ಜೀವ ಬಂದದ್ದು ಮಧ್ಯಾಹ್ನದ ಅಭ್ಯಾಸದಲ್ಲಿ. ನಮ್ಮ ಕಚೇರಿಯ ನಿಜವಾದ ಒಂದು ಕೆಲಸವನ್ನು ಎದುರಿಗೆ ಕುಳಿತವರಿಗೆ ವಹಿಸಬೇಕಿತ್ತು. ಗ್ರಾಹಕರ ದೂರುಗಳ ಮಾಸಿಕ ವರದಿಯನ್ನು ನಾನು ಆರಿಸಿಕೊಂಡು, ನಾಲ್ಕು ನಿಮಿಷ ವಿವರವಾಗಿ ಮಾತನಾಡಿ, ಚೆನ್ನಾಗಿಯೇ ಹೇಳಿದೆನೆಂಬ ಸಮಾಧಾನದಲ್ಲಿ ಕುಳಿತೆ. ಆಗ ತರಬೇತುದಾರರು, ತಾವು ಅರ್ಥಮಾಡಿಕೊಂಡದ್ದನ್ನು ತಮ್ಮದೇ ಮಾತಿನಲ್ಲಿ ಹೇಳುವಂತೆ ನನ್ನ ಎದುರಿಗೆ ಕುಳಿತಿದ್ದ ಮಹಿಳೆಯನ್ನು ಕೇಳಿದರು. ತಿಂಗಳ ಕೊನೆಯೊಳಗೆ ದೂರುಗಳ ಸಂಖ್ಯೆಯ ಒಂದು ಪಟ್ಟಿ ಕೊಡಬೇಕು ಎಂದು ಆಕೆ ಹೇಳಿದರು. ನನಗೆ ಬೇಕಿದ್ದುದು ಯಾವ ದೂರು ಮತ್ತೆ ಮತ್ತೆ ಬರುತ್ತಿದೆ, ಏಕೆ ಬರುತ್ತಿದೆ ಎಂಬುದು, ಅದೂ 25ನೇ ತಾರೀಖಿನ ಸಭೆಗೆ ಮೊದಲು. ಬೇರೆ ವಿಭಾಗದವರನ್ನು ಆಕೆ ನೇರವಾಗಿ ವಿಚಾರಿಸಬಹುದೇ ಎಂಬುದನ್ನಂತೂ ನಾನು ಪ್ರಸ್ತಾಪಿಸಿಯೇ ಇರಲಿಲ್ಲ. ಅದೇ ಕೆಲಸವನ್ನು ಎರಡನೆಯ ಬಾರಿ ವಹಿಸುವಾಗ ಯಾವ ಫಲ ಬೇಕು, ಅದು ಯಾವುದಕ್ಕೆ ಬಳಕೆಯಾಗುತ್ತದೆ, ಯಾವ ತೀರ್ಮಾನಗಳನ್ನು ಕೇಳದೆಯೇ ತೆಗೆದುಕೊಳ್ಳಬಹುದು, ನಡುವೆ ಯಾವಾಗ ಒಮ್ಮೆ ಕುಳಿತು ನೋಡೋಣ ಎಂಬಷ್ಟನ್ನೇ ಹೇಳಿದೆ. ಹೇಗೆ ಮಾಡಬೇಕೆಂಬುದನ್ನು ಆಕೆಗೇ ಬಿಟ್ಟೆ. ಒಂದೂವರೆ ನಿಮಿಷ ಸಾಕಾಯಿತು.

ಹೊಣೆ ಕೊಟ್ಟ ಕಡೆ ಅದಕ್ಕೆ ತಕ್ಕ ಅಧಿಕಾರವೂ ಇರಬೇಕೆಂದು ಫ್ರಾನ್ಸಿನ ಆಡಳಿತ ಚಿಂತಕ ಆನ್ರಿ ಫೇಯೋಲ್ 1916ರಲ್ಲಿಯೇ ಬರೆದಿದ್ದರು. ತರಬೇತಿಯ ನಿಜವಾದ ಪಾಠವೂ ಇದೇ ಎಂದು ನನಗೆ ಅನ್ನಿಸುತ್ತದೆ: ತೀರ್ಮಾನವನ್ನು ತನ್ನ ಬಳಿಯೇ ಇಟ್ಟುಕೊಂಡು ದುಡಿಮೆಯನ್ನಷ್ಟೇ ದಾಟಿಸಿದರೆ, ಪ್ರತಿ ತಿರುವಿನಲ್ಲೂ ಆ ಕೆಲಸ ಮರಳಿ ನಮ್ಮ ಮೇಜಿಗೇ ಬರುತ್ತದೆ. ಹೀಗೆ ಮರಳಿ ಬರುವ ಕೆಲಸವನ್ನು ವಿಲಿಯಂ ಆಂಕೆನ್ ಮತ್ತು ಡೊನಾಲ್ಡ್ ವಾಸ್ ಅವರು 1974ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯ ಲೇಖನದಲ್ಲಿ ನೌಕರನ ಬೆನ್ನಿನಿಂದ ಮ್ಯಾನೇಜರನ ಬೆನ್ನಿಗೆ ಜಿಗಿಯುವ ಮಂಗಕ್ಕೆ ಹೋಲಿಸಿದ್ದರು. ನೌಕರನು ಎಷ್ಟರ ಮಟ್ಟಿಗೆ ಸ್ವತಃ ಮುಂದಾಗುತ್ತಾನೆ ಎಂಬುದಕ್ಕೆ ಅವರು ಐದು ಹಂತಗಳನ್ನೂ ಗುರುತಿಸಿದ್ದರು: ಹೇಳುವವರೆಗೆ ಕಾಯುವುದು, ಏನು ಮಾಡಲೆಂದು ಕೇಳುವುದು, ತಾನೇ ಸಲಹೆಯೊಂದನ್ನು ಮುಂದಿಟ್ಟು ಒಪ್ಪಿಗೆಯ ನಂತರ ಮಾಡುವುದು, ಮಾಡಿ ಕೂಡಲೇ ತಿಳಿಸುವುದು, ಮಾಡಿ ವಾಡಿಕೆಯಂತೆ ವರದಿ ಕೊಡುವುದು. ನಮ್ಮ ತಂಡದ ಪ್ರತಿಯೊಬ್ಬರ ಪ್ರತಿ ಕೆಲಸದ ಮುಂದೆ ಈ ಹಂತದ ಸಂಖ್ಯೆಯನ್ನು ಬರೆಯಲು ಹೇಳಿದಾಗ, ಐದನೆಯ ಹಂತಕ್ಕೆ ಎಂದೋ ಅರ್ಹರಾಗಿದ್ದ ಹಿರಿಯ ಸಹೋದ್ಯೋಗಿಯೊಬ್ಬರನ್ನು ನಾನು ಇಷ್ಟು ವರ್ಷ ಎರಡರಲ್ಲೇ ನಿಲ್ಲಿಸಿದ್ದೆ ಎಂಬುದು ಕಂಡು ನಿಜಕ್ಕೂ ನೋವಾಯಿತು.

ಎರಡು ದಿನಗಳ ನಡುವೆ ಒಂದು ವಾರದ ಬಿಡುವಿತ್ತು, ಮತ್ತು ಆ ವಾರ ‘ಇರಲಿ ಬಿಡಿ, ನಾನು ನೋಡಿಕೊಳ್ಳುತ್ತೇನೆ’ ಎಂದಾಗಲೆಲ್ಲ ಪುಸ್ತಕದಲ್ಲಿ ಒಂದು ಗೆರೆ ಎಳೆಯಬೇಕಿತ್ತು. ಶುಕ್ರವಾರದ ಹೊತ್ತಿಗೆ ನನ್ನ ಪುಸ್ತಕದಲ್ಲಿ ಹದಿನಾಲ್ಕು ಗೆರೆಗಳಿದ್ದವು. ಈಗ ಆ ಮಾತು ಬಾಯಿಗೆ ಬಂದಾಗ ತಡೆದು, ‘ನಿಮಗೆ ಏನು ಮಾಡಬಹುದು ಅನ್ನಿಸುತ್ತದೆ?’ ಎಂದು ಕೇಳುತ್ತೇನೆ. ಮೊದಮೊದಲು ಎದುರಿಗಿದ್ದವರು ಸುಮ್ಮನಾಗುತ್ತಿದ್ದರು, ಆ ಮೌನವನ್ನು ನಾನೇ ತುಂಬದೆ ಕೂರುವುದು ಕಷ್ಟವಾಗುತ್ತಿತ್ತು.

ಕೊರತೆಗಳೂ ಸಣ್ಣವಲ್ಲ. ಎರಡನೆಯ ದಿನದ ಅರ್ಧ ಭಾಗ, ಯಾರು ಮಾಡುವವರು, ಯಾರು ಉತ್ತರ ಕೊಡಬೇಕಾದವರು, ಯಾರನ್ನು ಸಲಹೆ ಕೇಳಬೇಕು, ಯಾರಿಗೆ ತಿಳಿಸಬೇಕು ಎಂಬ ಕೋಷ್ಟಕ ತುಂಬುವುದರಲ್ಲೇ ಕಳೆಯಿತು. ಹಲವು ವಿಭಾಗಗಳು ಸೇರಿ ನಡೆಸುವ ದೊಡ್ಡ ಯೋಜನೆಗೆ ಅದು ಬೇಕಾದೀತು, ಚಿಕ್ಕ ತಂಡಕ್ಕೆ ಹೊರೆ. ವಹಿಸಿದ ಕೆಲಸ ಕೆಟ್ಟಾಗ ಏನು ಮಾಡಬೇಕೆಂಬುದಕ್ಕೆ ಮಾತ್ರ ಸಿಕ್ಕಿದ್ದು ಇಪ್ಪತ್ತು ನಿಮಿಷ. ತರಬೇತಿಯ ಮರುತಿಂಗಳೇ ನನ್ನ ತಂಡದವರು ತಪ್ಪು ಅಂಕಿಗಳಿದ್ದ ವರದಿಯೊಂದನ್ನು ಮೇಲಧಿಕಾರಿಗಳಿಗೆ ಕಳುಹಿಸಿದಾಗ, ಹೊಣೆಯನ್ನು ಹಂಚಿದರೂ ಉತ್ತರ ಹೇಳಬೇಕಾದವರು ನಾವೇ ಎಂಬ ಸೂತ್ರವೊಂದೇ ನನ್ನ ಕೈಯಲ್ಲಿತ್ತು. ಮೇಲಿನವರಿಗೆ ನಾನೇ ಉತ್ತರಿಸಿದೆ. ಆದರೆ ಆ ಕೆಲಸವನ್ನು ಮರಳಿ ಕಿತ್ತುಕೊಳ್ಳದೆ, ಅವರ ಧೈರ್ಯ ಕುಂದದಂತೆ, ಸ್ವಲ್ಪ ಕಾಲ ಮೂರನೆಯ ಹಂತಕ್ಕೆ ಇಳಿಸುವ ಉಪಾಯವನ್ನು ನಾನೇ ಕಂಡುಕೊಳ್ಳಬೇಕಾಯಿತು. ಈಗಾಗಲೇ ಕೈತುಂಬ ಕೆಲಸವಿರುವವರಿಗೆ ಇನ್ನೊಂದನ್ನು ವಹಿಸುವಾಗ ಯಾವುದನ್ನು ತೆಗೆಯಬೇಕು ಎಂಬ ನನ್ನ ಪ್ರಶ್ನೆಗೂ ಸರಿಯಾದ ಉತ್ತರ ಬರಲಿಲ್ಲ.

ಆದರೂ ಹೊಸದಾಗಿ ತಂಡದ ಹೊಣೆ ಹೊತ್ತವರಿಗೆ, ಅದಕ್ಕಿಂತ ಹೆಚ್ಚಾಗಿ ಒಳ್ಳೆಯ ಕೆಲಸಗಾರರೆಂಬ ಕಾರಣಕ್ಕೇ ಬಡ್ತಿ ಪಡೆದು ಎಲ್ಲವನ್ನೂ ತಾವೇ ಮಾಡುತ್ತಿರುವವರಿಗೆ, ಇಂತಹ ತರಬೇತಿಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಸೇರುವ ಮೊದಲು ಎರಡು ಸಂಗತಿಗಳನ್ನು ವಿಚಾರಿಸಿಕೊಳ್ಳಿ: ತರಗತಿಗಳ ನಡುವೆ ಕಚೇರಿಯಲ್ಲಿ ಅಭ್ಯಾಸ ಮಾಡಲು ಒಂದು ವಾರವಾದರೂ ಬಿಡುವಿದೆಯೇ, ಮತ್ತು ಅಭ್ಯಾಸಕ್ಕೆ ನಿಮ್ಮದೇ ಕೆಲಸಗಳನ್ನು ತರಲು ಬಿಡುತ್ತಾರೆಯೇ. ಎರಡೂ ಇಲ್ಲದಿದ್ದರೆ ಬೇರೆ ತರಬೇತಿಯನ್ನು ಹುಡುಕಿಕೊಳ್ಳುವುದು ಒಳ್ಳೆಯದು.