ಆರು ಕೌಂಟರ್‌ಗಳಲ್ಲಿ ತೆರೆದಿರುವುದು ಎರಡು: ನಮ್ಮ ಬಡಾವಣೆಯ ಸೂಪರ್ ಮಾರ್ಕೆಟ್

ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಯೊಂದು ಮೈಸೂರಿನ ನಮ್ಮ ಬಡಾವಣೆಯಲ್ಲಿ ನಡೆಸುತ್ತಿರುವ ಈ ಸೂಪರ್ ಮಾರ್ಕೆಟ್‌ನಲ್ಲಿ ಆರು ವರ್ಷಗಳಿಂದ ತಿಂಗಳ ದಿನಸಿ ಕೊಳ್ಳುತ್ತಿದ್ದೇನೆ. ಬೇಳೆಕಾಳು ಶುಚಿಯಾಗಿರುತ್ತದೆ, ಸೊಪ್ಪು ತಾಜಾ ಇರುತ್ತದೆ, ಬೆಲೆಯೂ ಹೊರಗಿನದಕ್ಕಿಂತ ತುಸು ಕಡಿಮೆಯೇ. ಆದರೂ ಐದರಲ್ಲಿ ಎರಡೇ ಅಂಕ ಕೊಡುತ್ತಿದ್ದೇನೆ.

ಕಳೆದ ವರ್ಷ ವೆಚ್ಚ ಕಡಿತದ ಹೆಸರಿನಲ್ಲಿ ಇಲ್ಲಿನ ಸಿಬ್ಬಂದಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಲಾಯಿತು. ಕಳೆದ ಭಾನುವಾರ ಸಂಜೆ ನನ್ನ ಸರದಿ ಬರಲು ನಲವತ್ತು ನಿಮಿಷ ಹಿಡಿಯಿತು. ಬಿಲ್ ಹಾಕುತ್ತಿದ್ದ ಹೆಣ್ಣುಮಗಳು ನಡುನಡುವೆ ತರಕಾರಿ ತೂಕ ಮಾಡಲೂ ಓಡಬೇಕಿತ್ತು. ಕೂರಲು ಕುರ್ಚಿಯಿಲ್ಲದ ಕಾರಣ ಚಪ್ಪಲಿ ಕಳಚಿ, ಮಡಿಸಿದ ರಟ್ಟಿನ ತುಂಡೊಂದರ ಮೇಲೆ ಕಾಲು ಬದಲಿಸುತ್ತ ನಿಂತಿದ್ದರು. ರ್ಯಾಕ್‌ನ ಚೀಟಿಯಲ್ಲಿ 148 ರೂಪಾಯಿ ಇದ್ದ ತೊಗರಿಬೇಳೆ ಬಿಲ್ಲಿನಲ್ಲಿ 165 ಆಗಿತ್ತು. ಚೀಟಿ ಬದಲಿಸಲು ಜನವೇ ಇಲ್ಲವೆಂದು ಆಕೆ ಕ್ಷಮೆ ಕೇಳಿದಾಗ ನನಗೆ ಸಂಕಟವಾಯಿತು. ಎರಡು ವರ್ಷದಿಂದ ಸಂಬಳ ಏರಿಲ್ಲವೆಂದೂ ದೀಪಾವಳಿಗೆ ಒಂದು ಡಬ್ಬಿ ಸಿಹಿ ಸಿಕ್ಕಿತೆಂದೂ ಮೆಲ್ಲನೆ ಹೇಳಿದರು.

ಸಿಬ್ಬಂದಿ ಇಳಿಸಿದ ಅದೇ ವರ್ಷದ ಕಂಪನಿಯ ವಾರ್ಷಿಕ ವರದಿಯನ್ನು ಮನೆಯಲ್ಲಿ ತೆರೆದು ನೋಡಿದೆ. ವ್ಯವಸ್ಥಾಪಕ ನಿರ್ದೇಶಕರ ಬೋನಸ್ ಏರಿದೆ. ವೆಚ್ಚ ಇಳಿಸುವ ಗುರಿ ಮುಟ್ಟಿದ್ದೇ ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಅಂದರೆ ಮುಚ್ಚಿದ ನಾಲ್ಕು ಕೌಂಟರ್‌ಗಳೇ ಮೇಲಿನವರ ಸಾಧನೆಯಾಗಿ ಲೆಕ್ಕಕ್ಕೆ ಬಂದಿವೆ. ನಿರ್ದೇಶಕರ ಸಂಭಾವನೆಯು, ನೌಕರರನ್ನು ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಸಂಬಳದ ಎಷ್ಟು ಪಟ್ಟು ಎಂಬುದನ್ನು ಪ್ರಕಟಿಸಲು 2013ರ ಕಂಪನಿ ಕಾಯ್ದೆಯ 197ನೆಯ ಕಲಂ ಇಂಥ ಕಂಪನಿಗಳಿಗೆ ಹೇಳುತ್ತದೆಯಾದರೂ, ಏಜೆನ್ಸಿಯ ಮೂಲಕ ಬಂದ ಈ ಹೆಣ್ಣುಮಗಳಂಥವರು ಕಂಪನಿಯ ನೌಕರರ ಪಟ್ಟಿಯಲ್ಲೇ ಇಲ್ಲದ್ದರಿಂದ ಆ ಲೆಕ್ಕದೊಳಗೆ ಬರುವುದಿಲ್ಲ.

ಇದು ಬರಿಯ ಗಿರಾಕಿಯ ಗೊಣಗಾಟವೆಂದು ಯಾರೂ ತಳ್ಳಿಹಾಕಬಾರದು. ಇನ್ಫೋಸಿಸ್‌ನಲ್ಲಿ ಹೆಚ್ಚಿನ ನೌಕರರಿಗೆ ಶೇ 6ರಿಂದ 8ರಷ್ಟು ಏರಿಕೆ ಕೊಟ್ಟು, ಉನ್ನತ ಹುದ್ದೆಯವರೊಬ್ಬರಿಗೆ ಶೇ 60ರಿಂದ 70ರಷ್ಟು ಕೊಡುವುದು ಸರಿಯಲ್ಲವೆಂದು 2017ರಲ್ಲಿ ಅದರ ಸಂಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರೇ ಬಹಿರಂಗವಾಗಿ ಆಕ್ಷೇಪಿಸಿದ್ದರು.

ಕೌಂಟರಿನಲ್ಲಿ ನಿಂತವರಿಗೆ ಕುರ್ಚಿ ಕೊಡಿ, ಮೂರನೆಯ ಕೌಂಟರ್ ತೆರೆಯಿರಿ, ಸಂಬಳ ಏರಿಸಿ ಎಂದು ದೂರು ಪುಸ್ತಕದಲ್ಲಿ ಬರೆದಿದ್ದೇನೆ. ಇಲ್ಲಿಗೆ ಹೋಗುವವರು ರ್ಯಾಕ್‌ನ ಬೆಲೆಯನ್ನು ಬಿಲ್ಲಿನೊಂದಿಗೆ ತಾಳೆ ನೋಡಿ, ವ್ಯತ್ಯಾಸ ಕಂಡರೆ ಬಿಲ್ ಹಾಕುವವರ ಮೇಲೆ ರೇಗದೆ ಮ್ಯಾನೇಜರನ್ನು ಕರೆಸಿ ಕೇಳಿ.